ಹಿಮದ ಬೆವರು ಕಂಡ ರೇಡಾರ್

2012ರ ಜುಲೈ. ಅಮೆರಿಕದ ನಾಸಾ ವಿಜ್ಞಾನಿ ಸಾನ್ ನಿಯೆಮ್ ಅವರ ಮುಂದೆ ಭಾರತದ ಓಷನ್‌ಸ್ಯಾಟ್-2 ಉಪಗ್ರಹ ಕಳುಹಿಸಿದ ರೇಡಾರ್ ಮಾಹಿತಿ ಇತ್ತು. ಅದರ ಪ್ರಕಾರ ಗ್ರೀನ್‌ಲ್ಯಾಂಡ್ ಹಿಮಹಾಸಿನ ಬಹುಪಾಲು ಮೇಲ್ಮೈ ಜುಲೈ 12ರಂದು ಕರಗಿ ಒದ್ದೆಯಾಗಿತ್ತು. ಲೆಕ್ಕ ತಪ್ಪಿರಬಹುದೇ ಎಂದು ಅವರು ಮೊದಲು ಅನುಮಾನಿಸಿದರು.

ಹಿಮ ಒದ್ದೆಯಾದದ್ದು ರೇಡಾರ್‌ಗೆ ತಿಳಿಯುವುದು ಹೇಗೆ? ಒಣ ಹಿಮದೊಳಕ್ಕೆ ಸೂಕ್ಷ್ಮ ತರಂಗಗಳು ಸಲೀಸಾಗಿ ಇಳಿಯುತ್ತವೆ. ಒಳಗಿನ ಗಡ್ಡೆಗಳಿಗೆ ತಾಗಿ ಮರಳುತ್ತವೆ. ಹಿಮದ ಹರಳುಗಳ ನಡುವೆ ಸ್ವಲ್ಪ ನೀರು ಸೇರಿದರೂ ಸಾಕು, ಅದು ತರಂಗಗಳನ್ನು ಹೀರಿಬಿಡುತ್ತದೆ. ಮೈಕ್ರೋವೇವ್ ಒಲೆಯಲ್ಲಿ ನೀರಿನಂಶದ ಅಡುಗೆ ಬಿಸಿಯಾಗುವುದೂ ಇದೇ ಗುಣದಿಂದ. ಹೀಗಾಗಿ ಬೇಸಿಗೆಯಲ್ಲಿ ಪ್ರತಿಧ್ವನಿ ದಿಢೀರನೆ ಕುಸಿಯುತ್ತದೆ. ನೀರು ಮತ್ತೆ ಹೆಪ್ಪುಗಟ್ಟಿದಾಗ ಮೇಲೇರುತ್ತದೆ. ಮೋಡವಾಗಲಿ, ಧ್ರುವದ ದೀರ್ಘ ಕತ್ತಲೆಯಾಗಲಿ ಇದಕ್ಕೆ ಅಡ್ಡಿಯಲ್ಲ.

ರೇಡಿಯೊ ತರಂಗಗಳು ಹಿಮವನ್ನು ತೂರುತ್ತವೆ ಎಂಬುದನ್ನು ಅಮೆರಿಕ ಸೇನೆಯ ಎಂಜಿನಿಯರ್ ಅಮೊರಿ ವೇಯ್ಟ್ 1957ರಲ್ಲಿ ಅಂಟಾರ್ಕ್ಟಿಕದಲ್ಲಿ ತೋರಿಸಿದ್ದರು. 1960ರ ದಶಕದಲ್ಲಿ ಕೇಂಬ್ರಿಜ್‌ನ ಸ್ಟಾನ್ ಇವಾನ್ಸ್ ಹಿಮದ ದಪ್ಪ ಅಳೆಯುವ ಉಪಕರಣ ರೂಪಿಸಿದರು. 1978ರಲ್ಲಿ ಹಾರಿದ ಸೀಸ್ಯಾಟ್ ಉಪಗ್ರಹ ಮೂರೂವರೆ ತಿಂಗಳಿಗೇ ಮೌನವಾಯಿತು. 1999ರ ಕ್ವಿಕ್‌ಸ್ಕ್ಯಾಟ್‌ ಉಪಗ್ರಹದ ಮುಖ್ಯ ಕೆಲಸ ಕಡಲ ಗಾಳಿಯನ್ನು ಅಳೆಯುವುದು. ಹಿಮದ ಲೆಕ್ಕ ಅದರ ಜೊತೆಗೇ ಸಿಕ್ಕಿತು. 2009ರ ನವೆಂಬರ್‌ನಲ್ಲಿ ಅದರ ಆಂಟೆನಾ ತಿರುಗುವುದು ನಿಂತುಹೋಯಿತು. ಅದಕ್ಕೆ ಎರಡು ತಿಂಗಳ ಮುಂಚೆ, ಸೆಪ್ಟೆಂಬರ್ 23ರಂದು, ಶ್ರೀಹರಿಕೋಟಾದಿಂದ ಓಷನ್‌ಸ್ಯಾಟ್-2 ಮೇಲೇರಿತ್ತು. ಅದರ ರೇಡಾರ್ ಹೋದದ್ದೂ ಕಡಲ ಗಾಳಿಗಾಗಿಯೇ!

ನಿಯೆಮ್ ಅವರ ಅನುಮಾನವನ್ನು ಬೇರೆ ಉಪಗ್ರಹಗಳು ಪರಿಹರಿಸಿದವು. ಜುಲೈ 8ರಂದು ಸುಮಾರು ಶೇ 40ರಷ್ಟಿದ್ದ ಒದ್ದೆ ಪ್ರದೇಶ ನಾಲ್ಕೇ ದಿನಗಳಲ್ಲಿ ಶೇ 97ಕ್ಕೆ ಏರಿತ್ತು. ಸಾಮಾನ್ಯ ಬೇಸಿಗೆಯಲ್ಲಿ ಒದ್ದೆಯಾಗುವುದು ಅರ್ಧದಷ್ಟು ಮಾತ್ರ. ಮೂರು ಕಿಲೋಮೀಟರಿಗೂ ಎತ್ತರದ ನೆತ್ತಿಯಲ್ಲೂ ಹಿಮ ಕರಗಿತ್ತು. ಅಲ್ಲಿ ಕೊರೆದು ತೆಗೆದ ಹಿಮದ ಕಂಬಗಳ ಪ್ರಕಾರ, ಅಂಥದ್ದು ಹಿಂದೆ ಆದದ್ದು 1889ರಲ್ಲಿ.

ಮೇಲ್ಮೈ ಒದ್ದೆಯಾದರೆ ಹಿಮಹಾಸೇ ಕರಗಿಹೋಯಿತು ಎಂದಲ್ಲ. ಬಹಳಷ್ಟು ನೀರು ಒಳಗೇ ಇಂಗಿ ಮತ್ತೆ ಹೆಪ್ಪುಗಟ್ಟುತ್ತದೆ. ಆದರೆ ಒದ್ದೆ ಹಿಮ ಬಿಸಿಲನ್ನು ಹೆಚ್ಚು ಹೀರುತ್ತದೆ. ಒಂದಷ್ಟು ನೀರು ಹರಿದು ಕಡಲು ಸೇರುತ್ತದೆ. ಗ್ರೀನ್‌ಲ್ಯಾಂಡ್‌ನ ಹಿಮವೆಲ್ಲ ಕರಗಿದರೆ ಜಗತ್ತಿನ ಸಮುದ್ರಮಟ್ಟ ಸುಮಾರು 7 ಮೀಟರ್ ಏರುತ್ತದೆ.

ಒಂದು ಬೇಸಿಗೆ ಅಸಹಜವೆಂದು ಹೇಳಬೇಕಾದರೆ ಹಿಂದಿನ ಬೇಸಿಗೆಗಳ ಲೆಕ್ಕ ಕೈಯಲ್ಲಿರಬೇಕು. ಒಂದು ಉಪಗ್ರಹ ನಿಂತು ಇನ್ನೊಂದು ಹೋಗದಿದ್ದರೆ ಆ ಲೆಕ್ಕ ತುಂಡಾಗುತ್ತದೆ. ಇಸ್ರೊ 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1 ಕಳುಹಿಸಿತು. ನಾಸಾ ಜೊತೆಗೂಡಿ ರೂಪಿಸಿ, ಬೆಂಗಳೂರಿನಲ್ಲಿ ಜೋಡಿಸಿದ ನಿಸಾರ್ 2025ರ ಜುಲೈ 30ರಂದು ಹಾರಿತು. ಹಿಮಹಾಸುಗಳ ಚಲನೆಯನ್ನು ಅಳೆಯುವುದು ಅದರ ಮುಖ್ಯ ಕೆಲಸಗಳಲ್ಲೊಂದು.