ಹೆಸರಿನ ಲೆಕ್ಕ ಇಟ್ಟವರು

ಹೆಸರಿಡುವುದು ಸುಲಭ, ಇಟ್ಟ ಹೆಸರನ್ನು ನಡೆಸಿಕೊಂಡು ಹೋಗುವುದು ಕಷ್ಟ. ನಾಮಕರಣದ ದಿನ ತೊಟ್ಟಿಲ ಸುತ್ತ ಹತ್ತಾರು ಜನ ಸೇರುತ್ತಾರೆ. ಅದೇ ಹೆಸರು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆಯಾದಾಗ ಅದನ್ನು ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯುವವನು ಒಬ್ಬನೇ. ಸ್ಥಳನಾಮಗಳನ್ನೂ ಹಸ್ತಪ್ರತಿಗಳನ್ನೂ ಕುರಿತು ಪಾಠ ಹೇಳುತ್ತ ಆಯುಷ್ಯದ ಬಹುಭಾಗವನ್ನು ಕಳೆದವನು ನಾನು. ನಿವೃತ್ತಿಯ ಬಳಿಕ ಓದಿದ ಚರಿತ್ರೆಗಳಲ್ಲಿ ನನಗೆ ಅತ್ಯಂತ ಆಪ್ತವೆನಿಸಿದ್ದು, ಆಶ್ಚರ್ಯವೆನಿಸಬಹುದು, ಗಣಕಯಂತ್ರಗಳ ಹೆಸರಿನ ಚರಿತ್ರೆ.

ಯಂತ್ರಕ್ಕೆ ಅಂಕಿ ಬೇಕು, ಮನುಷ್ಯನಿಗೆ ಹೆಸರು ಬೇಕು. ಇಡೀ ಚರಿತ್ರೆಯ ಬೀಜ ಈ ಒಂದು ಮಾತಿನಲ್ಲಿದೆ. ಇಂಟರ್ನೆಟ್ಟಿಗೆ ಸೇರಿದ ಯಂತ್ರಗಳು ಒಂದನ್ನೊಂದು ಗುರುತಿಸುವುದು ಸಂಖ್ಯೆಯಿಂದ. ನಾವು ನೆನಪಿಟ್ಟುಕೊಳ್ಳುವುದು ಹೆಸರನ್ನು. ಹೆಸರು ಕೊಟ್ಟರೆ ಸಂಖ್ಯೆ ಹೇಳುವ ಪುಸ್ತಕವೊಂದು ನಡುವೆ ಇರಲೇಬೇಕು. ಆ ಪುಸ್ತಕವನ್ನು ಯಾರು ಬರೆಯಬೇಕು, ಯಾರು ತಿದ್ದಬೇಕು, ಯಾರ ಮಾತನ್ನು ಲೋಕ ನಂಬಬೇಕು? ಯಂತ್ರದ ಪ್ರಶ್ನೆಯಂತೆ ಕಂಡರೂ ಇದು ಮನುಷ್ಯರ ಪ್ರಶ್ನೆ.

ಅಮೆರಿಕದ ರಕ್ಷಣಾ ಇಲಾಖೆಯ ನೆರವಿನಿಂದ 1969ರಲ್ಲಿ ನಾಲ್ಕು ಕೇಂದ್ರಗಳನ್ನು ಜೋಡಿಸಿ ಆರ್ಪಾನೆಟ್ ಎಂಬ ಜಾಲ ಹುಟ್ಟಿತು. ಆ ನಾಲ್ಕರಲ್ಲಿ ಒಂದು, ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆ. ಜಾಲದ ಮಾಹಿತಿ ಕೇಂದ್ರ ಇದ್ದುದು ಅಲ್ಲಿಯೇ. 1972ರಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆ ಅಲ್ಲಿ ಡಗ್ಲಾಸ್ ಎಂಗಲ್‌ಬಾರ್ಟರ ತಂಡಕ್ಕೆ ಸೇರಿದರು. ಆಕೆ ಓದಿದ್ದು ರಸಾಯನಶಾಸ್ತ್ರ. ಪಳಗಿದ್ದು ಮಾಹಿತಿಯನ್ನು ಹುಡುಕಿ ಜೋಡಿಸಿಡುವ ಕೆಲಸದಲ್ಲಿ. ಜಾಲದಲ್ಲಿ ಯಾವ ಯಂತ್ರ ಎಲ್ಲಿದೆ, ಅದರಿಂದ ಏನು ಸಿಗುತ್ತದೆ, ಯಾರನ್ನು ಕೇಳಬೇಕು ಎಂಬುದನ್ನೆಲ್ಲ ಒಂದು ಕೈಪಿಡಿಯಾಗಿ ತಯಾರಿಸುವುದು ಆಕೆಗೆ ವಹಿಸಿದ ಮೊದಲ ಕೆಲಸ. ಮುಂದೆ 1989ರವರೆಗೆ ಆ ಮಾಹಿತಿ ಕೇಂದ್ರ ನಡೆದದ್ದು ಬಹುಪಾಲು ಆಕೆಯ ಹೊಣೆಯಲ್ಲಿ.

ಆ ಕಾಲದ ಏರ್ಪಾಡು ಸರಳವಾಗಿತ್ತು. ಜಾಲದ ಯಂತ್ರಗಳೆಲ್ಲದರ ಹೆಸರೂ ಸಂಖ್ಯೆಯೂ ಒಂದೇ ಕಡತದಲ್ಲಿ. ಅದರ ಹೆಸರು 'ಹೋಸ್ಟ್ಸ್ ಡಾಟ್ ಟೆಕ್ಸ್ಟ್'. ಹೊಸ ಯಂತ್ರ ಬಂದರೆ ಮೆನ್ಲೋ ಪಾರ್ಕಿಗೆ ತಿಳಿಸಬೇಕು. ಮೊದಮೊದಲು ದೂರವಾಣಿಯಲ್ಲಿ, ಅದೂ ಕಚೇರಿಯ ವೇಳೆಯಲ್ಲಿ. ಕೇಂದ್ರದವರು ಬೇರೆ ಯಾರಿಗೂ ಆ ಹೆಸರಿಲ್ಲವೆಂದು ನೋಡಿಕೊಂಡು ಕಡತದಲ್ಲಿ ಸೇರಿಸುವರು. ವಾರಕ್ಕೊಮ್ಮೆಯೋ ಎರಡು ಸಲವೋ ಹೊಸ ಪ್ರತಿ ಸಿದ್ಧವಾಗುವುದು. ಉಳಿದ ಊರಿನವರು ಅದನ್ನು ತರಿಸಿಕೊಂಡು ತಮ್ಮ ಯಂತ್ರದಲ್ಲಿ ಇಟ್ಟುಕೊಳ್ಳುವರು. ಮೂಲ ಪ್ರತಿ ಒಂದು. ಅದರ ನಕಲುಗಳು ಅನೇಕ.

ಹಸ್ತಪ್ರತಿಗಳ ಪರಿಚಯವಿರುವವರಿಗೆ ಇಲ್ಲಿಯ ಅಪಾಯ ಕೂಡಲೇ ಹೊಳೆಯುತ್ತದೆ. ನಕಲು ಎಂದ ಮೇಲೆ ಪಾಠಾಂತರ ತಪ್ಪದು. ಒಬ್ಬರು ಹೊಸ ಪ್ರತಿ ತರಿಸಿಕೊಂಡಿರುವರು, ಇನ್ನೊಬ್ಬರು ಮೂರು ವಾರದ ಹಿಂದಿನದನ್ನೇ ಓದುತ್ತಿರುವರು. ಇವರಿಗೆ ಗೊತ್ತಿರುವ ಯಂತ್ರ ಅವರ ಲೋಕದಲ್ಲಿ ಹುಟ್ಟೇ ಇಲ್ಲ. 1981ರ ಆಗಸ್ಟ್‌ನಲ್ಲಿ ಆ ಕಡತದಲ್ಲಿದ್ದ ಯಂತ್ರಗಳು 213. ಅಷ್ಟನ್ನು ಒಂದು ಕೋಣೆಯಲ್ಲಿ ಕುಳಿತ ಕೆಲವರು ನಿಭಾಯಿಸಬಹುದಿತ್ತು. ಆದರೆ 1983ರ ಜನವರಿ ಒಂದರಂದು ಆರ್ಪಾನೆಟ್ ಈಗಿನ ಇಂಟರ್ನೆಟ್ಟಿನ ನಿಯಮಗಳಿಗೆ ಬದಲಾದ ಮೇಲೆ ಯಂತ್ರಗಳ ಸಂಖ್ಯೆ ಮಳೆಗಾಲದ ಹೊಳೆಯಂತೆ ಏರತೊಡಗಿತು. 1989ರ ಅಕ್ಟೋಬರ್ ವೇಳೆಗೆ ಅದು 1,59,000 ಆಗಿತ್ತು. ಅಂಥ ಪ್ರವಾಹ ಒಂದೇ ಕಡತದ ಕಟ್ಟೆಯಲ್ಲಿ ನಿಲ್ಲುವುದು ಸಾಧ್ಯವಿರಲಿಲ್ಲ.

ಪರಿಹಾರಕ್ಕಾಗಿ ಹಲವು ಸಲಹೆಗಳು ಬಂದವು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರದಲ್ಲಿದ್ದ ಜಾನ್ ಪೋಸ್ಟೆಲ್, ಮುಂದಿದ್ದ ಐದು ಸಲಹೆಗಳನ್ನು ಹೊಂದಿಸಿ ರಾಜಿಯ ದಾರಿಯೊಂದನ್ನು ಹುಡುಕುವಂತೆ ಪಾಲ್ ಮೊಕಪೆಟ್ರಿಸ್ ಎಂಬ ಯುವಕನಿಗೆ ಹೇಳಿದರು. ಆತ ಐದನ್ನೂ ಬದಿಗಿಟ್ಟು ಆರನೆಯದೊಂದನ್ನು ತಾನೇ ರಚಿಸಿದ. 1983ರ ನವೆಂಬರ್‌ನಲ್ಲಿ ಪ್ರಕಟವಾದ ಆ ರಚನೆಯೇ ಡೊಮೈನ್ ನೇಮ್ ಸಿಸ್ಟಮ್.

ಅದರ ತಿರುಳು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಿಂದೆ ಆಯಾ ಊರಿನ ಲೆಕ್ಕ ಆಯಾ ಊರಿನ ಶಾನುಭೋಗನ ಕೈಯಲ್ಲಿರುತ್ತಿತ್ತು. ತಾಲ್ಲೂಕು ಕಚೇರಿಗೆ ಪ್ರತಿಯೊಂದು ಹೊಲದ ಹೆಸರು ಬಾಯಿಗೆ ಬರಬೇಕಿರಲಿಲ್ಲ. ಯಾವ ಊರಿಗೆ ಯಾರು ಶಾನುಭೋಗ ಎಂಬುದು ಗೊತ್ತಿದ್ದರೆ ಸಾಕು. ಮೊಕಪೆಟ್ರಿಸ್ ಮಾಡಿದ್ದೂ ಇದನ್ನೇ. ಎಲ್ಲ ಹೆಸರೂ ಒಬ್ಬರ ಬಳಿ ಇರುವುದರ ಬದಲು ಪ್ರತಿಯೊಂದು ಸಂಸ್ಥೆಯೂ ತನ್ನ ಹೆಸರುಗಳ ಲೆಕ್ಕವನ್ನು ತಾನೇ ಇಡಲಿ. ಮೇಲಿನವರು ಕೆಳಗಿನವರ ವಿಳಾಸ ಹೇಳಿದರೆ ಸಾಕು. ಎಲ್ಲಕ್ಕಿಂತ ಮೇಲೆ, ಮರಕ್ಕೆ ಬೇರಿದ್ದಂತೆ, ಒಂದು ಮೂಲಪಟ್ಟಿ.

ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎನ್ನುವಾಗ ನಾವು ಊರಿನಿಂದ ತಂದೆಗೆ, ತಂದೆಯಿಂದ ಮಗನಿಗೆ ಬರುತ್ತೇವೆ. ಇಂಟರ್ನೆಟ್ಟಿನ ಹೆಸರಿನಲ್ಲಿ ಈ ಕ್ರಮ ತಲೆಕೆಳಗು. ಅಂಚೆಯ ಲಕೋಟೆಯಂತೆ ಮೊದಲು ವ್ಯಕ್ತಿ, ಕೊನೆಗೆ ದೇಶ. ಕೇಳಿದ ಹೆಸರನ್ನು ಯಂತ್ರ ಬಲದಿಂದ ಎಡಕ್ಕೆ ಬಿಡಿಸುತ್ತದೆ. ಮೂಲಪಟ್ಟಿಯವರು 'ಡಾಟ್ ಇನ್' ಪಟ್ಟಿ ಇಟ್ಟವರನ್ನು ತೋರಿಸುತ್ತಾರೆ, ಅವರು ಸಂಸ್ಥೆಯವರನ್ನು ತೋರಿಸುತ್ತಾರೆ, ಸಂಸ್ಥೆಯವರು ಯಂತ್ರದ ಸಂಖ್ಯೆ ಹೇಳುತ್ತಾರೆ. ಇಷ್ಟೆಲ್ಲ ವಿಚಾರಣೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ.

1984ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಈ ಕೆಲಸಕ್ಕಾಗಿ ಬೈಂಡ್ ಎಂಬ ತಂತ್ರಾಂಶ ಬರೆದರು. ಮುಂದೆ ವಿಶ್ವವಿದ್ಯಾಲಯಗಳಲ್ಲಿ, ಕಾರ್ಖಾನೆಗಳಲ್ಲಿ, ಕಚೇರಿಗಳಲ್ಲಿ ಹೊಸ ಬಗೆಯ ಶಾನುಭೋಗರೊಬ್ಬರು ಕಾಣಿಸಿಕೊಂಡರು. ಇವರ ಕೆಲಸದ ಶಿಸ್ತು ಸಂಪಾದಕನ ಶಿಸ್ತಿಗೆ ಬಹಳ ಹತ್ತಿರ. ಹೆಸರಿನ ಕಡತದ ತಲೆಯಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ. ಕಡತವನ್ನು ತಿದ್ದಿದಾಗಲೆಲ್ಲ ಅದನ್ನು ಹೆಚ್ಚಿಸಬೇಕು. ಪ್ರತಿ ಇಟ್ಟುಕೊಂಡಿರುವ ಎರಡನೆಯ ಸರ್ವರ್ ಆ ಸಂಖ್ಯೆಯನ್ನು ನೋಡಿಯೇ ಹೊಸ ಪರಿಷ್ಕರಣ ಬಂದಿದೆಯೆಂದು ತಿಳಿಯುತ್ತದೆ. ಸಂಖ್ಯೆ ಏರಿಸಲು ಮರೆತರೆ ಹಳೆಯ ಪಾಠವೇ ಸರಿಯೆಂದು ಅದು ನಿಶ್ಚಿಂತೆಯಿಂದ ಉತ್ತರ ಕೊಡುತ್ತಿರುತ್ತದೆ. ಮೆನ್ಲೋ ಪಾರ್ಕಿನ ಪಾಠಾಂತರ ಹೀಗೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ.

ಆ ಎರಡನೆಯ ಸರ್ವರ್ ಬೇರೆ ಊರಿನಲ್ಲಿರಬೇಕು, ಬೇರೆ ದಾರಿಯಲ್ಲಿರಬೇಕು ಎಂಬುದು ಹಿರಿಯರ ವಿಧಿ. ಓಲೆಗರಿಯ ಎರಡು ಪ್ರತಿಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಗೆದ್ದಲಿಗೆ ಎರಡೂ ಒಂದೇ. 2001ರ ಜನವರಿಯಲ್ಲಿ ಮೈಕ್ರೋಸಾಫ್ಟಿನಂಥ ಸಂಸ್ಥೆಗೇ ಈ ಪಾಠ ದುಬಾರಿಯಾಯಿತು. ಅದರ ನಾಲ್ಕು ಹೆಸರಿನ ಸರ್ವರುಗಳೂ ಒಂದೇ ಜಾಲದಲ್ಲಿದ್ದವು. ಮಾರ್ಗ ತೋರಿಸುವ ಯಂತ್ರದಲ್ಲಿ ಒಬ್ಬ ತಂತ್ರಜ್ಞ ಮಾಡಿದ ಒಂದು ಬದಲಾವಣೆಯಿಂದ ಸುಮಾರು ಒಂದು ದಿನ ಆ ಸಂಸ್ಥೆಯ ತಾಣಗಳು ಅನೇಕರಿಗೆ ಸಿಗಲಿಲ್ಲ.

ಹೆಸರಿನಂತೆ ಸಂಖ್ಯೆಯೂ ಲೆಕ್ಕ ಕೇಳುತ್ತದೆ. ಕಚೇರಿಯ ಪ್ರತಿಯೊಂದು ಯಂತ್ರಕ್ಕೂ ಕೈಯಿಂದಲೇ ಸಂಖ್ಯೆ ಹಾಕಿ ಪುಸ್ತಕದಲ್ಲಿ ಬರೆದಿಡುತ್ತಿದ್ದ ಕಾಲವೊಂದಿತ್ತು. ಒಂದೇ ಸಂಖ್ಯೆ ಇಬ್ಬರಿಗೆ ಹೋದರೆ ಇಬ್ಬರ ಕೆಲಸವೂ ಕೆಡುತ್ತಿತ್ತು. 1993ರಲ್ಲಿ ಪ್ರಕಟವಾದ ಡಿಎಚ್‌ಸಿಪಿ ಎಂಬ ನಿಯಮ ಇದಕ್ಕೊಂದು ಜಾಣ ಉಪಾಯ ಹೇಳಿತು: ಸಂಖ್ಯೆಯನ್ನು ದಾನ ಮಾಡಬೇಡಿ, ಗೇಣಿಗೆ ಕೊಡಿ. ಯಂತ್ರ ಎದ್ದೊಡನೆ 'ನನಗೊಂದು ವಿಳಾಸ ಕೊಡಿ' ಎಂದು ಕೂಗುತ್ತದೆ. ಸರ್ವರು ಒಂದು ಅವಧಿಗೆ ಕೊಡುತ್ತದೆ. ಅರ್ಧ ಅವಧಿ ಕಳೆಯುತ್ತಲೇ ಯಂತ್ರ ಬಂದು ಗೇಣಿಯನ್ನು ನವೀಕರಿಸಿಕೊಳ್ಳುತ್ತದೆ. ಬಾರದಿದ್ದರೆ ಅವಧಿ ಮುಗಿದ ಮೇಲೆ ಸಂಖ್ಯೆ ಮತ್ತೆ ಧಣಿಯ ಕೈಗೆ. ಈ ಮಿತವ್ಯಯ ಬೇಕೇ ಇತ್ತು. ಇಂಟರ್ನೆಟ್ಟಿನ ಮೊದಲ ವಿಳಾಸಕ್ರಮದಲ್ಲಿದ್ದ ಒಟ್ಟು ಸಂಖ್ಯೆಗಳು ಸುಮಾರು 430 ಕೋಟಿ. ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕೊನೆಯ ಕಟ್ಟುಗಳನ್ನು 2011ರ ಫೆಬ್ರುವರಿಯಲ್ಲಿ ಹಂಚಿಬಿಟ್ಟರು.

ಈಗ ಬೇರಿನ ಮಾತಿಗೆ ಬರೋಣ. ಕೊಂಬೆಗಳನ್ನು ಎಷ್ಟು ಹಂಚಿದರೂ ಮೂಲಪಟ್ಟಿ ಒಂದೇ. ಅದು ಯಾರದು? ಸಂಖ್ಯೆಗಳ ಹಂಚಿಕೆಯನ್ನೂ ಮೂಲಪಟ್ಟಿಯ ಮೇಲ್ವಿಚಾರಣೆಯನ್ನೂ ಬಹುಕಾಲ ನೋಡಿಕೊಂಡವರು, ಉದ್ದ ಗಡ್ಡದ, ಕಾಲಿಗೆ ಚಪ್ಪಲಿ ಮೆಟ್ಟಿ ಓಡಾಡುತ್ತಿದ್ದ ಅದೇ ಜಾನ್ ಪೋಸ್ಟೆಲ್. ಅವರಿಗಿದ್ದ ಅಧಿಕಾರ ಜನರ ನಂಬಿಕೆಯದು. ಆದರೆ ಹೆಸರು ನೋಂದಾಯಿಸುವುದು ಹಣದ ವ್ಯವಹಾರವಾದ ಮೇಲೆ ನಂಬಿಕೆಗೂ ಕಾಗದಪತ್ರ ಕೇಳುವ ದಿನ ಬಂತು. ನೋಂದಣಿಯ ಗುತ್ತಿಗೆ ಹಿಡಿದಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿಯಲ್ಲಿ 1997ರ ಜುಲೈ 16ರ ರಾತ್ರಿ ಕೆಟ್ಟ ಪಟ್ಟಿಯೊಂದು ಸಿದ್ಧವಾಯಿತು. ಯಂತ್ರ ಎಚ್ಚರಿಕೆ ಕೊಟ್ಟಿತು. ಕೆಲಸದಲ್ಲಿದ್ದವರು ಗಮನಿಸದೆ ಪಟ್ಟಿಯನ್ನು ಹೊರಗೆ ಬಿಟ್ಟರು. ಕೆಲವು ಗಂಟೆಗಳ ಕಾಲ ಡಾಟ್ ಕಾಮ್ ಹೆಸರುಗಳು ಲೋಕದ ಅನೇಕ ಕಡೆ ಅಳಿಸಿಹೋದಂತಾದವು.

1998ರ ಜನವರಿ 28ರಂದು ಪೋಸ್ಟೆಲ್ ಒಂದು ಪತ್ರ ಬರೆದರು. ಮೂಲಪಟ್ಟಿಯ ಪ್ರತಿ ಇಟ್ಟಿದ್ದ ಹನ್ನೆರಡು ಮಂದಿಯಲ್ಲಿ ಎಂಟು ಮಂದಿಗೆ, ಇನ್ನು ಮುಂದೆ ಕಂಪನಿಯ ಯಂತ್ರದಿಂದಲ್ಲ, ತಮ್ಮ ಯಂತ್ರದಿಂದ ಪ್ರತಿ ತೆಗೆದುಕೊಳ್ಳಿ ಎಂದು. ಎಂಟು ಮಂದಿಯೂ ಹಾಗೆಯೇ ಮಾಡಿದರು. ಇಂಟರ್ನೆಟ್ ಬಳಸುತ್ತಿದ್ದವರಿಗೆ ಏನೂ ತಿಳಿಯಲಿಲ್ಲ. ಪಟ್ಟಿಯಲ್ಲಿದ್ದುದು ಅದೇ ಹೆಸರುಗಳು. ಆದರೆ ಒಂದು ಪತ್ರದಿಂದ ಇಂಟರ್ನೆಟ್ಟಿನ ಬೇರು ಕೈ ಬದಲಾಯಿಸಬಹುದೆಂಬುದು ಅಮೆರಿಕದ ಸರ್ಕಾರವನ್ನು ಬೆಚ್ಚಿಬೀಳಿಸಿತು. ಹಿಂದಿನಂತೆಯೇ ಮಾಡಿ ಎಂದು ಅವರನ್ನು ಕೇಳಿದರು. ಇದೊಂದು ಪರೀಕ್ಷೆ ಮಾತ್ರವಾಗಿತ್ತು ಎಂದು ಹೇಳಿ ಪೋಸ್ಟೆಲ್ ಹಿಂದಿನ ಕ್ರಮಕ್ಕೆ ಮರಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಕ್ಯಾನ್ ಎಂಬ ಸಂಸ್ಥೆ ಹುಟ್ಟಿತು. ಅದು ಹುಟ್ಟಿ ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 16ರಂದು, ಹೃದಯದ ಕಾಯಿಲೆಯಿಂದ ಪೋಸ್ಟೆಲ್ ತೀರಿಕೊಂಡರು. ಆಗ ಅವರಿಗೆ 55 ವರ್ಷ. ಅಮೆರಿಕದ ಸರ್ಕಾರ ಮೂಲಪಟ್ಟಿಯ ಮೇಲಿದ್ದ ತನ್ನ ಹಿಡಿತವನ್ನು ಬಿಟ್ಟುಕೊಟ್ಟದ್ದು ಹದಿನೆಂಟು ವರ್ಷಗಳ ಬಳಿಕ, 2016ರ ಅಕ್ಟೋಬರ್ ಒಂದರಂದು.

ಪೋಸ್ಟೆಲ್ ಮಾಡಿದ್ದು ಸರಿಯೇ ತಪ್ಪೇ ಎಂದು ವಾದಿಸುವವರು ಇದ್ದಾರೆ. ನನಗೆ ಮುಖ್ಯವೆನಿಸುವುದು ಆ ಎಂಟು ಮಂದಿಯ ನಡೆ. ಆಜ್ಞೆಗೆ ಹೆದರಿ ಅವರು ಒಪ್ಪಲಿಲ್ಲ. ಬರೆದವನ ಮೇಲಿನ ನಂಬಿಕೆಯಿಂದ ಒಪ್ಪಿದರು. ಮೂಲಪಟ್ಟಿಗೆ ಬೆಲೆ ಬಂದಿರುವುದು ಅದನ್ನೇ ನೋಡೋಣವೆಂದು ಎಲ್ಲರೂ ಒಪ್ಪಿರುವುದರಿಂದ. ಅಂಥ ಒಪ್ಪಿಗೆ ಎಷ್ಟು ಬಲವಾದದ್ದೋ ಅಷ್ಟೇ ನಾಜೂಕಾದದ್ದು. ಹಾಗೆಂದೇ ಅದಕ್ಕೆ ಒಬ್ಬನ ಸೌಜನ್ಯವಷ್ಟೇ ಸಾಲದು, ನಿಯಮವೂ ಬೇಕು. ಬರಿಯ ನಿಯಮವೂ ಸಾಲದು, ಕಾಯುವವರಲ್ಲಿ ಸೌಜನ್ಯವೂ ಬೇಕು.

ಈ ಚರಿತ್ರೆ ದೂರದ್ದೆಂದು ಕೇಳುಗರು ಭಾವಿಸಬೇಕಾಗಿಲ್ಲ. ಈಗ ಮೂಲಪಟ್ಟಿಯಲ್ಲಿ ಕನ್ನಡ ಲಿಪಿಯ 'ಡಾಟ್ ಭಾರತ'ವೂ ಇದೆ. ಯಂತ್ರಗಳು ಅದನ್ನು ರೋಮನ್ ಅಕ್ಷರ, ಅಂಕಿಗಳ ಸಂಕೇತವಾಗಿ ಮಾರ್ಪಡಿಸಿಕೊಂಡು ಓದುತ್ತವೆ. ನಾವು ಮಾತ್ರ ಕನ್ನಡದಲ್ಲೇ ಬರೆಯಬಹುದು. ಮೂಲಪಟ್ಟಿಯ ಹೆಸರುಗಳಿಗೆ ನಿಯಮ ರೂಪಿಸುವಾಗ ವಿದ್ವಾಂಸರ ಮಂಡಲಿ ಬ್ರಾಹ್ಮಿಯಿಂದ ಬಂದ ಒಂಬತ್ತು ಲಿಪಿಗಳನ್ನು ಅಕ್ಷರಶಃ ಪರಿಶೀಲಿಸಿತು. ಕನ್ನಡಕ್ಕೂ ತೆಲುಗಿಗೂ ಅ, ಜ, ಒ, ಠ ಮೊದಲಾದ ಅಕ್ಷರಗಳ ರೂಪ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಬರೆದ ಹೆಸರನ್ನು ಇನ್ನೊಂದರಲ್ಲಿ ಬರೆದು ಓದುಗನಿಗೆ ಮೋಸ ಮಾಡಲು ಬರಬಾರದಲ್ಲವೆ? ಶಾಸನ ಓದುವಾಗ ಅಕ್ಕತಂಗಿಯರೆಂದು ನಾವು ಸಂತೋಷಪಟ್ಟ ಲಿಪಿಸಾಮ್ಯವೇ ಇಲ್ಲಿ ಕಾವಲು ಹಾಕಬೇಕಾದ ಸಂಗತಿಯಾಯಿತು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆ ಕಾಣೆಯಾದುದು ಅನೇಕರಿಗೆ ನೆನಪಿರಬಹುದು. ಅದರ ಹೆಸರಿನ ಸರ್ವರುಗಳು ಕೆಟ್ಟಿರಲಿಲ್ಲ. ಒಂದು ತಪ್ಪು ಆಜ್ಞೆಯಿಂದಾಗಿ ಅವುಗಳ ಬಳಿಗೆ ಹೋಗುವ ದಾರಿ ಮುಚ್ಚಿತ್ತು. ಕೋಟಿಗಟ್ಟಲೆ ಜನರ ಮಾತುಕತೆ ಅಂದು ನಿಂತುಹೋಯಿತು. ಉಳಿದ ದಿನಗಳಲ್ಲಿ ಅದು ನಿಲ್ಲದೆ ನಡೆಯುವುದು, ಎಲ್ಲೋ ಒಂದು ಕೋಣೆಯಲ್ಲಿ ಕ್ರಮಸಂಖ್ಯೆ ಏರಿಸಲು ಮರೆಯದ, ಎರಡನೆಯ ಪ್ರತಿಯನ್ನು ಬೇರೆ ಊರಿನಲ್ಲಿಟ್ಟ ಯಾರೋ ಒಬ್ಬರಿಂದ. ಫೈನ್ಲರ್, ಪೋಸ್ಟೆಲ್ ಅವರ ಹೆಸರನ್ನು ಚರಿತ್ರೆ ಬರೆದಿಟ್ಟಿದೆ. ಲೋಕದ ಹೆಸರುಗಳನ್ನೆಲ್ಲ ದಿನವೂ ಕಾಯುವ ಇತರರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.