ವಿರಳ ಮೂಳೆ ಕಾಯಿಲೆಗಳ ಹೊಸ ಔಷಧಗಳು – ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ವಂಶವಾಹಿಯ ದೋಷದಿಂದ ಹುಟ್ಟಿನಿಂದಲೇ ಬರುವ ಕೆಲವು ಮೂಳೆ ಕಾಯಿಲೆಗಳು ಅತಿ ವಿರಳವಾಗಿದ್ದು, ಇವುಗಳಲ್ಲಿ ಹಲವಕ್ಕೆ ಬಹುಕಾಲ ಕಾರಣಕ್ಕೆ ತಕ್ಕ ಔಷಧವಿರಲಿಲ್ಲ. ಇತ್ತೀಚಿನ ಸಂಶೋಧನೆಯಿಂದ ಕೆಲವು ಔಷಧಗಳು ಲಭ್ಯವಾಗಿವೆ. ಇನ್ನು ಕೆಲವು ಪ್ರಯೋಗದ ಹಂತದಲ್ಲಿವೆ. ಚಿಕಿತ್ಸೆಯ ನೆರವಿಗೆ ಅರ್ಜಿ ಸಲ್ಲಿಸುವವರು ಇವೆರಡರ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

2. ಈವರೆಗಿನ ಪ್ರಮುಖ ಔಷಧಗಳು

(ಅ) ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ: ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಕಾಯಿಲೆ. ಕೆನಡಾದ ಮಾಂಟ್ರಿಯಲ್‌ನಲ್ಲಿ 30 ಮಕ್ಕಳಿಗೆ ಪಾಮಿಡ್ರೊನೇಟ್ ನೀಡಿದಾಗ ಮೂಳೆಯ ಸಾಂದ್ರತೆ ಹೆಚ್ಚಿ, ಮುರಿತಗಳು ಕಡಿಮೆಯಾದುದು 1998ರಲ್ಲಿ ಪ್ರಕಟವಾಯಿತು. ಆದರೆ ಈ ಔಷಧವು ಮೂಲ ದೋಷವನ್ನು ಸರಿಪಡಿಸುವುದಿಲ್ಲ.

(ಆ) ಹೈಪೊಫಾಸ್ಫಟೇಸಿಯಾ: ಮೂಳೆ ಗಟ್ಟಿಯಾಗಲು ಬೇಕಾದ ಕಿಣ್ವದ ಕೊರತೆ. ಆ ಕಿಣ್ವಕ್ಕೆ ಬದಲಿಯಾದ ಆಸ್ಫೊಟೇಸ್ ಆಲ್ಫಾ 2015ರಲ್ಲಿ ಅಮೆರಿಕದಲ್ಲಿ ಅನುಮೋದನೆಗೊಂಡಿತು.

(ಇ) ಎಕ್ಸ್-ಸಂಬಂಧಿತ ಹೈಪೊಫಾಸ್ಫಟೇಮಿಯಾ: ಮೂತ್ರದಲ್ಲಿ ಫಾಸ್ಫೇಟ್ ನಷ್ಟವಾಗಿ ಕಾಲುಗಳು ಬಾಗುವ ಕಾಯಿಲೆ. ನಷ್ಟಕ್ಕೆ ಕಾರಣವಾದ ಹಾರ್ಮೋನನ್ನು ತಡೆಯುವ ಬುರೊಸುಮ್ಯಾಬ್ 2018ರಲ್ಲಿ ಅನುಮೋದನೆ ಪಡೆಯಿತು.

(ಈ) ಅಕಾಂಡ್ರೊಪ್ಲಾಸಿಯಾ: ಕೈಕಾಲುಗಳ ಬೆಳವಣಿಗೆ ಕುಂಠಿತವಾಗುವ ಸ್ಥಿತಿ. ದಿನಕ್ಕೊಂದು ಚುಚ್ಚುಮದ್ದಾಗಿ ನೀಡುವ ವೊಸೊರಿಟೈಡ್ 2021ರಲ್ಲಿ ಅನುಮೋದನೆಗೊಂಡಿತು.

(ಉ) ಫೈಬ್ರೊಡಿಸ್‌ಪ್ಲಾಸಿಯಾ ಆಸಿಫಿಕನ್ಸ್ ಪ್ರೊಗ್ರೆಸಿವಾ: ಸ್ನಾಯುಗಳಲ್ಲಿ ಮೂಳೆ ಬೆಳೆಯುವ ಕಾಯಿಲೆ. ಇದರ ವಂಶವಾಹಿಯು 2006ರಲ್ಲಿ ಪತ್ತೆಯಾಯಿತು. ಪಾಲೊವರೊಟೀನ್ ಔಷಧಕ್ಕೆ 2023ರಲ್ಲಿ ಅಮೆರಿಕ ಅನುಮೋದನೆ ನೀಡಿದರೆ, ಯುರೋಪ್ ಒಕ್ಕೂಟವು ಅದೇ ವರ್ಷ ನಿರಾಕರಿಸಿತು. ಬೆಳೆಯುವ ಮಕ್ಕಳಲ್ಲಿ ಮೂಳೆಯ ಬೆಳವಣಿಗೆಯು ಅಕಾಲದಲ್ಲಿ ನಿಲ್ಲುವ ಅಪಾಯ ಇದರಲ್ಲಿದೆ. ಹೊಸ ಔಷಧವೆಲ್ಲವೂ ಎಲ್ಲರಿಗೂ ಸೂಕ್ತವಲ್ಲ ಎಂಬುದಕ್ಕೆ ಇದು ನಿದರ್ಶನ.

3. ಔಷಧ ಪ್ರಯೋಗದಲ್ಲಿ ಭಾಗವಹಿಸುವವರ ಗಮನಕ್ಕೆ

ಪ್ರಯೋಗವು ಚಿಕಿತ್ಸೆಯ ಭರವಸೆಯಲ್ಲ. ಔಷಧವು ಫಲಕಾರಿಯೇ, ಸುರಕ್ಷಿತವೇ ಎಂಬ ಪರೀಕ್ಷೆ. ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು, 2019ರ ಅನ್ವಯ:

- ಪ್ರಯೋಗವು ಭಾರತೀಯ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ ಮುಂಚಿತವಾಗಿ ದಾಖಲಾಗಿರತಕ್ಕದ್ದು.
- ಲಿಖಿತ ಒಪ್ಪಿಗೆ ಕಡ್ಡಾಯ. ಮಕ್ಕಳ ಪರವಾಗಿ ತಂದೆತಾಯಿ ಅಥವಾ ಪೋಷಕರು ಒಪ್ಪಿಗೆ ನೀಡತಕ್ಕದ್ದು.
- ಯಾವುದೇ ಹಂತದಲ್ಲಿ ಪ್ರಯೋಗದಿಂದ ಹೊರಬರಬಹುದು.
- ಪ್ರಯೋಗದಿಂದ ಹಾನಿಯಾದಲ್ಲಿ ಉಚಿತ ಚಿಕಿತ್ಸೆ ಹಾಗೂ ಪರಿಹಾರಕ್ಕೆ ಅವಕಾಶವಿದೆ.

ಸಂಶೋಧನೆಗೆ ಸಂಬಂಧಿಸಿದ ವೆಚ್ಚವನ್ನು ರೋಗಿಯಿಂದ ವಸೂಲು ಮಾಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ತಿಳಿಸುತ್ತದೆ. ಹಣ ಕೇಳಿದಲ್ಲಿ, ಒಪ್ಪಿಗೆ ಪತ್ರದಲ್ಲಿ ನಮೂದಿಸಿರುವ ನೈತಿಕ ಸಮಿತಿಯ ಗಮನಕ್ಕೆ ತರುವುದು.

4. ಆರ್ಥಿಕ ನೆರವು

ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿ, 2021ರ ಪಟ್ಟಿಯಲ್ಲಿ ಆಸ್ಟಿಯೋಪೆಟ್ರೋಸಿಸ್ ಹಾಗೂ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಸೇರಿವೆ. ನೆರವಿನ ಮಿತಿಯನ್ನು 2022ರ ಮೇ ತಿಂಗಳಲ್ಲಿ 50 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಲಾಯಿತು. ನೆರವು ಬಯಸುವವರು ಸಮೀಪದ ಉತ್ಕೃಷ್ಟತಾ ಕೇಂದ್ರದಲ್ಲಿ ತಪಾಸಣೆಗೊಳಗಾಗಿ ನೋಂದಾಯಿಸಿಕೊಳ್ಳತಕ್ಕದ್ದು. ಬೆಂಗಳೂರಿನಲ್ಲಿ ಮಾನವ ತಳಿಶಾಸ್ತ್ರ ಕೇಂದ್ರವು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಈ ಕಾರ್ಯ ನಿರ್ವಹಿಸುತ್ತದೆ. ಪಟ್ಟಿಗೆ ಕಾಲಕಾಲಕ್ಕೆ ಕಾಯಿಲೆಗಳನ್ನು ಸೇರಿಸಲಾಗುವುದರಿಂದ, ತಮ್ಮ ಕಾಯಿಲೆಯ ಬಗ್ಗೆ ಕೇಂದ್ರದಲ್ಲಿಯೇ ವಿಚಾರಿಸಿ ಖಚಿತಪಡಿಸಿಕೊಳ್ಳುವುದು.

5. ಸೂಚನೆ

ಹೊಸ ಔಷಧ ಬರುವುದೆಂಬ ನಿರೀಕ್ಷೆಯಲ್ಲಿ ಈಗಿನ ಚಿಕಿತ್ಸೆಯನ್ನಾಗಲಿ, ವ್ಯಾಯಾಮವನ್ನಾಗಲಿ ನಿಲ್ಲಿಸಬಾರದು. ಮಗುವಿನ ಮೂಳೆ ಬೆಳೆಯುವ ವರ್ಷಗಳು ಮರಳಿ ಬಾರವು. ಆದುದರಿಂದ ತಪಾಸಣೆಯಲ್ಲಿ ವಿಳಂಬ ಮಾಡದಿರಲು ಕೋರಲಾಗಿದೆ.