ಡಿಕ್ಕಿಯೊಳಗಿನ ಪೆಟ್ಟಿಗೆ

ಹೆಬ್ಬಾಳದ ಸಿಗ್ನಲ್‌ನಲ್ಲಿ ನಿಂತ ಕೆಲವು ಕಾರುಗಳಿಂದ ಹಾಡು ಕೇಳಿಸುವುದಿಲ್ಲ, ಬರೀ ‘ಧುಂ ಧುಂ’ ಕೇಳಿಸುತ್ತದೆ. ಡಿಕ್ಕಿಯಲ್ಲಿರುವ ಸಬ್‌ವೂಫರ್‌ನ ಕೆಲಸ ಅದು. ಆ ಸದ್ದಿನ ಸ್ವರೂಪವನ್ನು ನಿರ್ಧರಿಸುವುದರಲ್ಲಿ ಸ್ಪೀಕರಿನಷ್ಟೇ ಪಾಲು ಅದನ್ನು ಕೂರಿಸಿದ ಮರದ ಪೆಟ್ಟಿಗೆಯದು.

ಇಂದಿನ ಸ್ಪೀಕರಿನ ಮೂಲ ವಿನ್ಯಾಸವನ್ನು ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಶಂಕು ಮುಂದೆ ಚಲಿಸಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನದು ವಿರಳವಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಕಡಿಮೆ ಆವೃತ್ತಿಯಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಅಲೆಯನ್ನು ಏನು ಮಾಡುವುದು?

ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಅದನ್ನು ಬಳಸಿಕೊಂಡರು. ಪೆಟ್ಟಿಗೆಗೆ ತೆರಪು ಇಡುವ ಅವರ ವಿಧಾನಕ್ಕೆ 1932ರಲ್ಲಿ ಪೇಟೆಂಟ್ ದೊರೆಯಿತು. ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ವಿವರಿಸಿದ ಅನುರಣಕವೇ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೊಮ್ಮುವ ಸ್ವರವೂ ಅದರದೇ. ಒಳಗಿನ ಗಾಳಿ ಸ್ಪ್ರಿಂಗ್, ಕೊರಳಿನ ಗಾಳಿ ತೂಕದ ಬಟ್ಟು. 40 ಲೀಟರ್ ಪೆಟ್ಟಿಗೆಗೆ 10 ಸೆಂ.ಮೀ. ವ್ಯಾಸದ, 32 ಸೆಂ.ಮೀ. ಪರಿಣಾಮಕಾರಿ ಉದ್ದದ ಕೊಳವೆ ಇಟ್ಟರೆ ಅನುರಣನೆ ಸುಮಾರು 43 ಹರ್ಟ್ಜ್‌ನಲ್ಲಿ ಆಗುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು.

ಇದೇ ತತ್ವ ಕಾರಿನ ಇನ್ನೊಂದು ಭಾಗದಲ್ಲಿ ಸದ್ದನ್ನು ಅಡಗಿಸುತ್ತದೆ! ಸೈಲೆನ್ಸರ್‌ಗಳಲ್ಲಿ ಇಂಥ ಅನುರಣಕಗಳನ್ನು ಬಳಸುವುದುಂಟು. ಯಶವಂತಪುರಕ್ಕೆ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಲ್. ಮುಂಜಾಲ್ ಕೊಳವೆ ಮತ್ತು ಸೈಲೆನ್ಸರ್‌ಗಳ ಧ್ವನಿವಿಜ್ಞಾನವನ್ನು ಕುರಿತು 1987ರಲ್ಲಿ ಪ್ರಕಟಿಸಿದ ಗ್ರಂಥ ಈ ಕ್ಷೇತ್ರದ ಆಕರಗಳಲ್ಲೊಂದು.

ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಬೇರೆ ದಾರಿ ಹಿಡಿದರು: ಪೂರ್ತಿ ಮುಚ್ಚಿದ ಪುಟ್ಟ ಪೆಟ್ಟಿಗೆ. ಶಂಕುವಿನ ಅಂಚನ್ನು ಸಡಿಲಗೊಳಿಸಿ, ಅದನ್ನು ಹಿಂದಕ್ಕೆಳೆಯುವ ಕೆಲಸವನ್ನು ಒಳಗಿನ ಗಾಳಿಗೇ ಒಪ್ಪಿಸಿದರು. ಅಲ್ಲಿಯವರೆಗೆ ಗಂಭೀರ ಸ್ವರಕ್ಕೆ ಬೀರುವಿನಂಥ ಪೆಟ್ಟಿಗೆ ಬೇಕಿತ್ತು. ಆದರೂ ತೆರಪಿನ ಪೆಟ್ಟಿಗೆಗಳನ್ನು ಬಹುಮಟ್ಟಿಗೆ ಅಂದಾಜಿನಿಂದಲೇ ಕಟ್ಟುತ್ತಿದ್ದರು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1972-73ರಲ್ಲಿ ಪ್ರಕಟಿಸಿದ ಲೇಖನಗಳು ಅದನ್ನು ಲೆಕ್ಕಕ್ಕೆ ತಂದವು. ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿನ ಸಂಖ್ಯೆಗಳು ಇವರವೇ.

ಹಾಗಾದರೆ ಕಾರಿಗೆ ಯಾವುದು? ತೆರಪಿನದು ತನ್ನ ಅನುರಣನೆಯ ಆಸುಪಾಸಿನಲ್ಲಿ ಹೆಚ್ಚು ಸದ್ದು ಮಾಡುತ್ತದೆ. ಅದರ ಕೆಳಗೆ ಸದ್ದು ಪ್ರತಿ ಅಷ್ಟಕಕ್ಕೆ 24 ಡೆಸಿಬೆಲ್‌ನಂತೆ ಕುಸಿಯುತ್ತದೆ. ಶಂಕುವಿಗೆ ಗಾಳಿಯ ಆಸರೆಯೂ ತಪ್ಪುವುದರಿಂದ ಅದು ಮಿತಿಮೀರಿ ಆಡಿ ಹಾಳಾಗಬಹುದು. ಮುಚ್ಚಿದ್ದರಲ್ಲಿ ಕುಸಿತ 12 ಡೆಸಿಬೆಲ್ ಮಾತ್ರ. 40 ಹರ್ಟ್ಜ್‌ನ ತರಂಗದೂರ ಎಂಟೂವರೆ ಮೀಟರ್‌ಗೂ ಹೆಚ್ಚು, ಕಾರಿನೊಳಗೆ ಹಿಡಿಸದಷ್ಟು! ಆದ್ದರಿಂದ ಗಾಜು ಏರಿಸಿದ ಕಾರಿನಲ್ಲಿ ಇಡೀ ಒಳಗಾಳಿಯ ಒತ್ತಡ ಒಟ್ಟಿಗೇ ಏರಿಳಿದು ತಗ್ಗಿನ ಸ್ವರಗಳು ಬಲಗೊಳ್ಳುತ್ತವೆ. ಆದರ್ಶ ಸ್ಥಿತಿಯಲ್ಲಿ ಈ ಗಳಿಕೆಯೂ ಪ್ರತಿ ಅಷ್ಟಕಕ್ಕೆ 12 ಡೆಸಿಬೆಲ್. ಅಂದರೆ ಮುಚ್ಚಿದ ಪೆಟ್ಟಿಗೆ ಕಳೆದುಕೊಂಡದ್ದನ್ನು ಕಾರೇ ತುಂಬಿಕೊಡುತ್ತದೆ. ಬಾಗಿಲ ಸಂದುಗಳಿಂದಾಗಿ ಅಷ್ಟೂ ದಕ್ಕುವುದಿಲ್ಲ, ನಿಜ. ಆದರೂ ಹಾಡು ಕೇಳಬೇಕೆನ್ನುವವರಿಗೆ, ಡಿಕ್ಕಿಯಲ್ಲಿ ಸಾಮಾನಿಗೂ ಜಾಗ ಬೇಕೆನ್ನುವವರಿಗೆ ಮುಚ್ಚಿದ ಪೆಟ್ಟಿಗೆಯೇ ವಾಸಿ. ಸಿಗ್ನಲ್‌ನಲ್ಲಿ ಪಕ್ಕದವರಿಗೆ ಕೇಳಿಸಬೇಕೆನ್ನುವವರು ತೆರಪಿನದನ್ನೇ ಕೊಳ್ಳುತ್ತಾರೆ.